ಬಸುರಿಯನ್ನು ಮನೆಯೊಳಗೇ ಇಟ್ಟರೆ ಕ್ಷೇಮವೇ?

"ಈಗ ಆಸ್ಪತ್ರೆ ಕಡೆ ತಲೆ ಹಾಕೋದೇ ಬೇಡ, ಸೋಂಕು ಅಂಟಿಕೊಳ್ಳುತ್ತೆ." 2020ರ ಲಾಕ್‌ಡೌನಿನಲ್ಲಿ ಬಸುರಿಯರಿದ್ದ ಎಷ್ಟೋ ಮನೆಗಳಲ್ಲಿ ಹಿರಿಯರು ಆಡಿದ ಮಾತಿದು. ಕಾಳಜಿಯಿಂದಲೇ ಆಡಿದ್ದು, ಆದರೆ ಕೋವಿಡ್ ಕಾಲದ ನಂಬಿಕೆಗಳಲ್ಲೆಲ್ಲ ಅತಿ ಅಪಾಯದ್ದು ಇದೇ ಎಂದು ನನಗನಿಸುತ್ತದೆ. ಬಿ.ಪಿ., ರಕ್ತಹೀನತೆ, ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ ಮೊದಮೊದಲು ಸುಳಿವನ್ನೇ ಕೊಡುವುದಿಲ್ಲ. ತಾಯಿ ಕಾರ್ಡಿನಲ್ಲಿ ತೂಕ, ಬಿ.ಪಿ., ಹಿಮೋಗ್ಲೋಬಿನ್ ಬರೆಯುವ ಜಾಗ ತಿಂಗಳುಗಟ್ಟಲೆ ಖಾಲಿ ಉಳಿದರೆ ಇವು ಒಳಗೊಳಗೇ ಬೆಳೆಯುತ್ತವೆ. ಮಾಸ್ಕ್ ಹಾಕಿಕೊಂಡು, ಮೊದಲೇ ಸಮಯ ಕೇಳಿ, ಜೊತೆಗೆ ಒಬ್ಬರನ್ನಷ್ಟೇ ಕರೆದುಕೊಂಡು ಹೋಗಿ ತೋರಿಸಿಕೊಂಡು ಬರಬೇಕು. ಸಣ್ಣಪುಟ್ಟ ಅನುಮಾನಗಳಿಗೆ ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಫೋನ್ ಮಾಡಿದರೆ ಸಾಕು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ರಕ್ತಸ್ರಾವ, ಮಗುವಿನ ಮಿಸುಕಾಟ ಕಡಿಮೆಯಾಗುವುದು ಕಂಡರೆ ಮಾತ್ರ ಬೆಳಗಾಗಲಿ ಎಂದು ಕಾಯದೆ ಆಗಲೇ ಹೊರಡಿ.

ಕೋವಿಡ್ ಲಸಿಕೆ ಹಾಕಿಸಿಕೊಂಡರೆ ಗರ್ಭ ನಿಲ್ಲುವುದಿಲ್ಲ ಎಂಬ ಭಯ ಹುಟ್ಟಿದ್ದಕ್ಕೆ ಕಾರಣವಿತ್ತು. ಮೊದಲ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲ. 2021ರ ಜನವರಿಯಲ್ಲಿ ನಮ್ಮಲ್ಲಿ ಲಸಿಕೆ ಶುರುವಾದಾಗಲೂ ಅವರಿಗೆ ಕೊಡಲಿಲ್ಲ. ಜುಲೈ 2ರಂದು ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿಗೆ ಕೊಟ್ಟಿತು. ಲಸಿಕೆ ಪಡೆದ ಗರ್ಭಿಣಿಯರನ್ನು ಹಲವು ದೇಶಗಳಲ್ಲಿ ಗಮನಿಸಿದಾಗ ಗರ್ಭಪಾತ ಹೆಚ್ಚಿದ್ದು ಕಾಣಲಿಲ್ಲ. ದಿನ ತುಂಬುವ ಮುಂಚೆ ಹೆರಿಗೆಯಾಗುವ, ಐಸಿಯು ಸೇರುವ ಅಪಾಯವನ್ನು ಹೆಚ್ಚಿಸಿದ್ದು ಕೋವಿಡ್ ಸೋಂಕು.

ಕಷಾಯ ಕುಡಿದಷ್ಟೂ ಒಳ್ಳೆಯದು ಎಂಬುದೂ ತಪ್ಪು. ಮೆಣಸು, ಶುಂಠಿ ಅಡುಗೆಯಲ್ಲಿ ಇದ್ದಷ್ಟು ಇರಲಿ. ಅತಿಮಧುರ ಹೆಚ್ಚು ಹಾಕಿದ್ದು ಬಸುರಿಗೆ ಬೇಡ, ಅದು ಬಿ.ಪಿ. ಏರಿಸಬಲ್ಲದು. ಇತ್ತ ಕಷಾಯವನ್ನು ತಪ್ಪದೆ ಕುಡಿಸುವ ಮನೆಗಳಲ್ಲೇ ಕಬ್ಬಿಣಾಂಶದ ಮಾತ್ರೆ ಡಬ್ಬಿಯಲ್ಲಿ ಉಳಿದುಬಿಡುತ್ತದೆ, "ಮಗು ಕಪ್ಪಾಗುತ್ತೆ" ಎಂಬ ಹೆದರಿಕೆಯಿಂದ. ಕಪ್ಪಾಗುವುದು ಮಲ ಮಾತ್ರ. ಮಗುವಿನ ಮೈಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ. ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ತೆಗೆದುಕೊಳ್ಳಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕದೊಂದಿಗಾದರೆ ಒಳ್ಳೆಯದು.

ಸೋಂಕಿದ್ದ ತಾಯಿ ಎದೆಹಾಲು ಕೊಡಬಾರದೆಂದು ಕೂಸನ್ನು ಬೇರೆ ಮಲಗಿಸಿದವರೂ ಇದ್ದರು. ಮಾಸ್ಕ್ ಹಾಕಿ, ಕೈ ತೊಳೆದು ಹಾಲೂಡಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು.

ಇನ್ನು ಮನಸ್ಸಿನ ಮಾತು. "ಬಸುರಿ ಅಳಬಾರದು, ಮಗುವಿಗೆ ತಟ್ಟುತ್ತೆ" ಎನ್ನುತ್ತಾರೆ. ಸೀಮಂತ ನಿಂತುಹೋಗಿ, ತವರಿಗೆ ಹೋಗಲು ಬಸ್ಸಿಲ್ಲದೆ, ದಿನವಿಡೀ ಟಿ.ವಿ.ಯಲ್ಲಿ ಸಾವಿನ ಲೆಕ್ಕ ಕೇಳುತ್ತ ಕುಳಿತವಳಿಗೆ ಅಳು ಬಂದರೆ ಅದು ತಪ್ಪೇ? ಒಂದು ಹೊತ್ತು ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಅಳುವುದೇ ತಪ್ಪೆಂದು ನಂಬಿದವಳು ಸಂಕಟವನ್ನು ಗಂಡನ ಹತ್ತಿರವೂ ಬಾಯಿಬಿಡುವುದಿಲ್ಲ. ತೊಂದರೆ ಶುರುವಾಗುವುದು ಅಲ್ಲಿ. ಎರಡು ವಾರ ಕಳೆದರೂ ಬೇಸರ ಹೋಗದಿದ್ದರೆ, ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದು ಖಿನ್ನತೆಯಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಅದಕ್ಕೆ ಮೊದಲಿನಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಬಸುರಾದೆನೆಂದು ತಾವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮನೆಯಲ್ಲಿ ಬಸುರಿಯೋ ಬಾಣಂತಿಯೋ ಇದ್ದರೆ ಈ ಸಂಖ್ಯೆಯನ್ನು ಅವಳ ಫೋನಿನಲ್ಲಿ ಇವತ್ತೇ ಹಾಕಿಕೊಡಿ.