ಉದ್ದನೆಯ ಇಂಗ್ಲಿಷ್ ಪದಗಳ ಉಚ್ಚಾರ

ಮಠದ ಪಾಠಶಾಲೆಯಲ್ಲಿ ಛಂದಸ್ಸನ್ನು ಓದುವಾಗ ನಾವು ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಎಣಿಸಿ ಪ್ರಸ್ತಾರ ಹಾಕುತ್ತಿದ್ದೆವು. ಅದೇ ಲೆಕ್ಕವನ್ನು ನಂಬಿ ಮುಂದೆ ಇಂಗ್ಲಿಷ್ ಕಲಿತು, ಒಂದು ಸಭೆಯಲ್ಲಿ ‘ಫೋಟೋಗ್ರಾಫಿ’ ಎಂದು ನಾಲ್ಕು ಅಕ್ಷರಗಳನ್ನೂ ಸಮನಾಗಿ ಉಚ್ಚರಿಸಿ ನಗೆಗೀಡಾದೆವು. ನಕ್ಕವರು ತಪ್ಪೇನೆಂದು ತಿಳಿಸಲಿಲ್ಲ. ಬಹುಕಾಲ ನಾವು ಇಂಗ್ಲಿಷನ್ನು ಗಟ್ಟಿಯಾಗಿ ಓದಲೇ ಇಲ್ಲ. ಪ್ರಸಾದನಿಲಯದಲ್ಲಿದ್ದು ಓದುವ ಹಳ್ಳಿಯ ಮಕ್ಕಳು ಇಂದಿಗೂ ತರಗತಿಯಲ್ಲಿ ಬಾಯಿ ತೆರೆಯಲು ಅಂಜುವುದನ್ನು ಕಂಡು ಈ ಲೇಖನಕ್ಕೆ ತೊಡಗಿದ್ದೇವೆ.

ಇಂಗ್ಲಿಷಿನ ಉದ್ದನೆಯ ಪದದಲ್ಲಿ ಒಂದು ಅಕ್ಷರದ ಮೇಲೆ ಪ್ರಧಾನವಾದ ಒತ್ತು ಬೀಳುತ್ತದೆ. ಇದು ನಮ್ಮ ಒತ್ತಕ್ಷರವಲ್ಲ, ದನಿಯ ಒತ್ತು. ಅಕ್ಷರವೆಂದರೂ ಇಲ್ಲಿ ಲಿಪಿಯ ಗುರುತಲ್ಲ. ಒಂದು ಸ್ವರವನ್ನು ಆಶ್ರಯಿಸಿ ಒಂದೇ ಸಲಕ್ಕೆ ನುಡಿಯುವ ತುಂಡು. ಒತ್ತುಳ್ಳದ್ದು ಸ್ಪಷ್ಟವಾಗಿ, ತುಸು ದೀರ್ಘವಾಗಿ ಕೇಳಿಸಿದರೆ, ಉಳಿದವುಗಳ ಸ್ವರ ಅನೇಕ ವೇಳೆ ಸವೆದು ಅಸ್ಪಷ್ಟವಾದ ‘ಅ’ಕಾರವಾಗುತ್ತದೆ. ಫೋಟೋಗ್ರಾಫ್ ಎಂಬಲ್ಲಿ ಒತ್ತು ಮೊದಲ ‘ಫೋ’ದ ಮೇಲಿದೆ. ಫೋಟೋಗ್ರಾಫಿಯಾದಾಗ ಅದು ಎರಡನೆಯದಕ್ಕೆ ಸರಿದು ‘ಫ-ಟಾ-ಗ್ರ-ಫಿ’ ಎಂದಾಗುತ್ತದೆ. ಫೋಟೋಗ್ರಾಫಿಕ್ ಆದಾಗ ಮೂರನೆಯದಕ್ಕೆ.

ಪದವನ್ನು ಎಲ್ಲಿ ಒಡೆಯಬೇಕೆಂಬುದರಲ್ಲಿ ಆ ಭಾಷೆಯವರಲ್ಲಿಯೇ ಒಮ್ಮತವಿರಲಿಲ್ಲ. ಹಳೆಯ ಪಠ್ಯಗಳು ‘ಕ್ಲ-ಸ್ಟರ್’ ಎಂದು ಒಡೆಯುತ್ತಿದ್ದವು. 1783ರಲ್ಲಿ ಅಮೆರಿಕದ ನೋವಾ ವೆಬ್‌ಸ್ಟರ್ ತನ್ನ ಕಾಗುಣಿತದ ಪುಸ್ತಕದಲ್ಲಿ ನುಡಿಯುವಂತೆಯೇ ‘ಕ್ಲಸ್-ಟರ್’ ಎಂದು ಒಡೆದನು. ಒತ್ತಕ್ಷರದ ಹಿಂದಿನದು ಗುರುವೆಂದು ಬಲ್ಲ ಕನ್ನಡಿಗನಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಒತ್ತಿನ ಸ್ಥಾನವನ್ನು ಪದದ ಕೊನೆಯಿಂದ ಹುಡುಕುವುದು ಲೇಸು. ‘ಷನ್’ ಅಥವಾ ‘ಇಕ್’ ಎಂದು ಮುಗಿದರೆ ಸಾಮಾನ್ಯವಾಗಿ ಅದರ ಹಿಂದಿನ ಅಕ್ಷರಕ್ಕೆ ಒತ್ತು: ಎ-ಜು-ಕೇ-ಷನ್ ಎಂಬಲ್ಲಿ ‘ಕೇ’. ‘ಇಟಿ’ ಎಂದು ಮುಗಿದರೆ ಕೊನೆಯಿಂದ ಮೂರನೆಯದಕ್ಕೆ: ಯೂ-ನಿ-ವರ್-ಸಿ-ಟಿ ಎಂಬಲ್ಲಿ ‘ವರ್’, ರಿ-ಸ್ಪಾನ್-ಸ-ಬಿ-ಲಿ-ಟಿ ಎಂಬಲ್ಲಿ ‘ಬಿ’. ಸಂದೇಹ ಬಂದರೆ ನಿಘಂಟನ್ನು ತೆರೆಯತಕ್ಕದ್ದು. ಇಂಗ್ಲೆಂಡಿನಲ್ಲಿ ಅಚ್ಚಾಗುವ ನಿಘಂಟುಗಳಲ್ಲಿ ಬಹುಮಟ್ಟಿಗೆ ಒತ್ತುಳ್ಳ ಅಕ್ಷರಕ್ಕೆ ಮೊದಲು, ಮೇಲ್ಗಡೆ, ಸಣ್ಣದೊಂದು ನಿಲುಗೆರೆ ಇರುತ್ತದೆ. ಮನೆಯ ಹಿರಿಯರು ಇಂಗ್ಲಿಷ್ ಬಾರದಿದ್ದರೂ ಆ ಗೆರೆಯನ್ನು ಮಗುವಿಗೆ ತೋರಿಸಬಲ್ಲರು.

ಮೊನ್ನೆ ಪ್ರಸಾದನಿಲಯದ ಹುಡುಗನೊಬ್ಬನಿಗೆ ‘ಎಕ್ಸಾಮಿನೇಷನ್’ ಎಂದು ಬರೆದುಕೊಟ್ಟೆವು. ಕೊನೆಯಿಂದ ಎಣಿಸಿ ‘ನೇ’ಯ ಮೇಲೆ ಬೆರಳಿಟ್ಟನು, ಬಳಿಕ ಇಡೀ ಪುಟವನ್ನು ಗಟ್ಟಿಯಾಗಿ ಓದಿದನು. ಗಣಿತವೆಂಬರ್ಥದ ‘ಅರಿತ್‌ಮೆಟಿಕ್’ ಬಂದಾಗ ಮಾತ್ರ, ‘ಇಕ್’ ಇದ್ದರೂ ಒತ್ತು ‘ರಿತ್’ ಮೇಲೆ ಬೀಳುವುದನ್ನು ನಾವು ನಿಘಂಟು ನೋಡಿಯೇ ಅವನಿಗೆ ಹೇಳಬೇಕಾಯಿತು.