ಡಾಲರ್ ಹಿಂದಿನ ರಾಜಕೀಯ ಪಾಠ

ಅರ್ಥಶಾಸ್ತ್ರದವರು ರಾಜಕೀಯ ನೋಡಲ್ಲ, ರಾಜ್ಯಶಾಸ್ತ್ರದವರು ದುಡ್ಡು ನೋಡಲ್ಲ! 1970ರಲ್ಲೇ ಹೀಗೆ ಲೇಖನ ಬರೆದು ಇಬ್ಬರ ಕಿವಿಯನ್ನೂ ಹಿಂಡಿದವರು ಬ್ರಿಟನ್ನಿನ ಸೂಸನ್ ಸ್ಟ್ರೇಂಜ್.

ಮೊದಲು ಪತ್ರಕರ್ತೆ. ‘ಅಬ್ಸರ್ವರ್’ ಪತ್ರಿಕೆಗೆ ವಾಷಿಂಗ್ಟನ್‌ನಿಂದ ವರದಿ ಕಳಿಸುತ್ತಿದ್ದರು. 1978ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪ್ರೊಫೆಸರ್.

ಅವರು ಪದೇ ಪದೇ ಕೇಳಿದ ಪ್ರಶ್ನೆ: ಇದರಿಂದ ಲಾಭ ಯಾರಿಗೆ? ಉತ್ತರ ಬೇಕಾದರೆ ಭದ್ರತೆ, ಉತ್ಪಾದನೆ, ಹಣಕಾಸು, ಜ್ಞಾನ, ಈ ನಾಲ್ಕೂ ಯಾರ ಹಿಡಿತದಲ್ಲಿವೆ ನೋಡಿ ಎಂದರು.

1971ನ್ನೇ ತಗೊಳ್ಳಿ. ಇನ್ನು ಡಾಲರ್‌ಗೆ ಬದಲಾಗಿ ಚಿನ್ನ ಕೊಡಲ್ಲ ಎಂದಿತು ಅಮೆರಿಕ. ಒಂದು ಗುಂಡೂ ಹಾರಲಿಲ್ಲ. ಜಗತ್ತಿನ ಹಣಕಾಸು ವ್ಯವಸ್ಥೆಯೇ ಬದಲಾಯಿತು. ನಿಯಮವನ್ನೇ ಬರೆಯುವ ಈ ತಾಕತ್ತನ್ನು ಸ್ಟ್ರೇಂಜ್ ‘ರಚನಾತ್ಮಕ ಶಕ್ತಿ’ ಎಂದು ಕರೆದರು.

ಮಾರುಕಟ್ಟೆ ಕುಸಿದ ಸುದ್ದಿ ಬಂದಾಗ ನೀವೂ ಕೇಳಿ: ನಿಯಮ ಬರೆದವರು ಯಾರು?