ಆರು ಬ್ಯಾಟರಿಗಳಲ್ಲಿ ಕೆಟ್ಟಿದ್ದು ಯಾವುದು?

ಹಂಪಿಯ ಗೆಜ್ಜಲ ಮಂಟಪದಿಂದ ವಿಜಯ ವಿಠ್ಠಲ ದೇವಸ್ಥಾನಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ, ಲಾಲ್‌ಬಾಗಿನಲ್ಲಿ ಮಂಡಿನೋವಿನ ಹಿರಿಯರನ್ನು ಸುತ್ತಾಡಿಸುವ ಬ್ಯಾಟರಿ ಗಾಡಿಗಳು ಗಾಲ್ಫ್ ಮೈದಾನದ ಬಗ್ಗಿಯ ವಂಶದವು. ಅಮೆರಿಕದಲ್ಲಿ 1950ರ ದಶಕದಲ್ಲಿ ಬಳಕೆ ಹೆಚ್ಚಿದ ಈ ಗಾಡಿ ಇವತ್ತು ನಮ್ಮ ರೆಸಾರ್ಟು, ಆಸ್ಪತ್ರೆ, ರೈಲು ನಿಲ್ದಾಣಗಳಲ್ಲೂ ಸಿಗುತ್ತದೆ. ರಾತ್ರಿ ಚಾರ್ಜಿಗೆ ಹಾಕಿದರೆ ಮರುದಿನದ ದುಡಿಮೆಗೆ ಸಿದ್ಧ. ಆದರೆ ಒಂದು ಬೆಳಗ್ಗೆ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಗಾಡಿ ಸುಸ್ತಾಗಿ ನಿಲ್ಲುತ್ತದೆ. ಆಗ ಎಲ್ಲರೂ ಬೈಯುವುದು ಚಾರ್ಜರನ್ನು. ಅದಾದ ಮೇಲೆ ಬರುವ ಸಲಹೆ, ‘ಬ್ಯಾಟರಿಗಳ ಪೂರ್ತಿ ಸೆಟ್ಟೇ ಬದಲಾಯಿಸಿಬಿಡಿ.’ ದೊಡ್ಡ ಮೊತ್ತದ ಖರ್ಚು. ಅಳತೆ ಮಾಡದೆ ಆ ತೀರ್ಮಾನಕ್ಕೆ ಬರಲೇಬಾರದು.

ಸೀಟು ಎತ್ತಿ ನೋಡಿದರೆ ವಿಷಯ ಅರ್ಥವಾಗುತ್ತದೆ. 48 ವೋಲ್ಟಿನ ಗಾಡಿಯಲ್ಲಿ ಸಾಮಾನ್ಯವಾಗಿ 8 ವೋಲ್ಟಿನ ಆರು ಸೀಸ-ಆಸಿಡ್ ಬ್ಯಾಟರಿಗಳು ಒಂದರ ಬೆನ್ನಿಗೆ ಒಂದು ಜೋಡಣೆಯಾಗಿರುತ್ತವೆ. ಒಂದೊಂದರಲ್ಲೂ ನಾಲ್ಕು ಸೆಲ್, ಒಂದೊಂದು ಸೆಲ್ಲಿಗೆ ಎರಡು ವೋಲ್ಟಿಗಿಂತ ಚೂರು ಹೆಚ್ಚು. ಹೀಗೆ 24 ಸೆಲ್ಲುಗಳ ಸಾಲು. ಒಂದೇ ಕರೆಂಟು ಎಲ್ಲವನ್ನೂ ಹಾದು ಹೋಗಬೇಕಾದ್ದರಿಂದ ನಡುವೆ ಒಂದು ಸೆಲ್ ಕೆಟ್ಟರೂ ಉಳಿದ 23ಕ್ಕೆ ತೊಂದರೆ ತಪ್ಪಿದ್ದಲ್ಲ.

ಮೊದಲು ಸುಲಭದ್ದನ್ನು ನೋಡಬೇಕು. ಗೋಡೆಯ ಸಾಕೆಟ್ಟಿನಲ್ಲಿ ಕರೆಂಟು ಇದೆಯೇ? ನಡುವೆ ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಅದನ್ನು ತೆಗೆದು ನೇರವಾಗಿ ಸಿಕ್ಕಿಸಬೇಕು. ಉದ್ದದ ತೆಳು ವೈರು ವೋಲ್ಟೇಜನ್ನು ದಾರಿಯಲ್ಲೇ ತಿಂದು ತಾನೂ ಬಿಸಿಯಾಗುತ್ತದೆ. ಗಾಡಿಯ ಕಡೆಯ ಚಾರ್ಜಿಂಗ್ ಪಿನ್ನು ಕಪ್ಪಾಗಿದೆಯೇ, ಸಡಿಲವಾಗಿದೆಯೇ, ಫ್ಯೂಸ್ ಹೋಗಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಬೇಕು.

ಇಲ್ಲಿ ಅನೇಕರನ್ನು ದಾರಿ ತಪ್ಪಿಸುವ ಒಂದು ಸಂಗತಿಯಿದೆ. ಚಾರ್ಜರಿನ ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿದರೆ ಸೊನ್ನೆ ತೋರಿಸಬಹುದು. ಚಾರ್ಜರ್ ಸತ್ತಿದೆ ಎಂದು ಅದನ್ನು ಬಿಚ್ಚಲು ಹೊರಡುತ್ತಾರೆ. ಆದರೆ ಬಹುಪಾಲು ಗಾಲ್ಫ್ ಬಗ್ಗಿಯ ಚಾರ್ಜರುಗಳು ತಮಗೆ ಜೋಡಿಸಿದ ಬ್ಯಾಟರಿಯ ವೋಲ್ಟೇಜ್ ಕಂಡ ಮೇಲೆಯೇ ಕೆಲಸ ಶುರುಮಾಡುವುದು. ಬರಿಯ ಪ್ಲಗ್ಗಿನಲ್ಲಿ ಏನೂ ಇರುವುದಿಲ್ಲ. ಇದೇ ಕಾರಣಕ್ಕೆ ವಾರಗಟ್ಟಲೆ ನಿಂತು ಪೂರ್ತಿ ಇಳಿದುಹೋದ ಗಾಡಿಗೆ ಒಳ್ಳೆಯ ಚಾರ್ಜರ್ ಹಾಕಿದರೂ ಅದು ಮಿಸುಕುವುದಿಲ್ಲ. ಅಂಥಾ ಹೊತ್ತಿನಲ್ಲಿ ತಿಳಿದ ಮೆಕ್ಯಾನಿಕ್ ಒಂದೊಂದೇ ಬ್ಯಾಟರಿಗೆ, ಅದರ ವೋಲ್ಟಿಗೆ ಹೊಂದುವ ಚಿಕ್ಕ ಚಾರ್ಜರಿನಿಂದ ಸ್ವಲ್ಪ ಜೀವ ತುಂಬುತ್ತಾನೆ. ಒಟ್ಟು ವೋಲ್ಟೇಜ್ ಒಂದು ಮಟ್ಟಕ್ಕೆ ಏರಿದ ಮೇಲೆ ದೊಡ್ಡ ಚಾರ್ಜರ್ ತಾನಾಗಿಯೇ ಎಚ್ಚೆತ್ತುಕೊಳ್ಳುತ್ತದೆ.

ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರಿನ ಸದ್ದೂ ಸುಳಿವು ಕೊಡುತ್ತದೆ. ‘ಟಿಕ್’ ಎಂದು ರಿಲೇ ಬಡಿದು, ಗುಂಯ್ ಎನ್ನುವ ಸದ್ದು ಬಂದು, ಕರೆಂಟು ತೋರಿಸುವ ಮೀಟರಿನ ಮುಳ್ಳು ಏರಿ, ಬ್ಯಾಟರಿ ತುಂಬುತ್ತಾ ಬಂದಂತೆ ನಿಧಾನ ಇಳಿದರೆ ಚಾರ್ಜರ್ ಸರಿಯಾಗಿದೆ. ಸದ್ದು ಬಂದರೂ ಮುಳ್ಳು ಏಳದಿದ್ದರೆ ಒಳಗಿನ ಫ್ಯೂಸು, ಡಯೋಡು, ಇಲ್ಲವೇ ವೈರಿಂಗ್ ಮೇಲೆ ಅನುಮಾನ ಪಡಬೇಕು. ಚಾರ್ಜರಿನ ಹೊದಿಕೆ ಬಿಚ್ಚುವ ಕೆಲಸ ಮಾತ್ರ ಬಲ್ಲವರಿಗೇ ಬಿಡಬೇಕು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಅಪಾಯಕಾರಿ ವೋಲ್ಟೇಜ್ ಹಿಡಿದಿಟ್ಟುಕೊಂಡಿರಬಹುದು.

ಇನ್ನು ಮುಖ್ಯ ಪರೀಕ್ಷೆ. ಪೂರ್ತಿ ಚಾರ್ಜಾದ ಮೇಲೆ ಗಾಡಿಯನ್ನು ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆದರೆ ಆರೋಗ್ಯವಂತ ಸೆಟ್ಟು 50.5ರಿಂದ 51 ವೋಲ್ಟ್ ತೋರಿಸುತ್ತದೆ. ಮೀಟರಿನಲ್ಲಿ 48.3 ಬಂತು ಎಂದುಕೊಳ್ಳಿ. ‘ನಲವತ್ತೆಂಟರ ಗಾಡಿ, ನಲವತ್ತೆಂಟು ಇದೆಯಲ್ಲ’ ಎಂದು ಸಮಾಧಾನಪಡುವವರೇ ಹೆಚ್ಚು. ಒಂದೊಂದನ್ನೇ ಅಳೆದಾಗ ನಿಜ ಹೊರಬೀಳುತ್ತದೆ: ಐದು ಬ್ಯಾಟರಿಗಳು ತಲಾ 8.4, ಆರನೆಯದು ಬರೀ 6.3. ಅದರ ನಾಲ್ಕು ಸೆಲ್ಲುಗಳಲ್ಲಿ ಒಂದು ಸತ್ತಿದೆ. ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಒಟ್ಟು ವೋಲ್ಟೇಜ್ ಕೊನೆಯ ಮಟ್ಟ ಮುಟ್ಟದ ಕಾರಣ ಚಾರ್ಜರ್ ಕರೆಂಟು ನೂಕುತ್ತಲೇ ಇರುತ್ತದೆ, ಆರೋಗ್ಯವಾಗಿದ್ದ ಐದೂ ಅತಿಯಾಗಿ ಚಾರ್ಜಾಗಿ ಕುದ್ದು ನೀರು ಕಳೆದುಕೊಳ್ಳುತ್ತವೆ. ಕೆಟ್ಟ ಒಂದನ್ನು ಬೇಗ ಹಿಡಿದರೆ ಐದು ಉಳಿಯುತ್ತವೆ. ಖಚಿತಪಡಿಸಿಕೊಳ್ಳಲು ಹೈಡ್ರೋಮೀಟರ್ ಬೇಕು. ತುಂಬಿದ ಸೆಲ್ಲಿನಲ್ಲಿ ಆಸಿಡ್ಡಿನ ಗ್ರಾವಿಟಿ, ಅಂದರೆ ಸಾಪೇಕ್ಷ ಸಾಂದ್ರತೆ, ಸುಮಾರು 1.265ರಿಂದ 1.28. ಯಾವುದಾದರೂ ಸೆಲ್ಲಿನದು ಪಕ್ಕದ ಸೆಲ್ಲುಗಳಿಗಿಂತ ತೀರಾ ಕೆಳಗಿದ್ದರೆ ಅದೇ ಅಪರಾಧಿ. ಆದರೆ ಸೆಟ್ಟು ನಾಲ್ಕೈದು ವರ್ಷ ಹಳೆಯದಾಗಿದ್ದರೆ ಒಂದೇ ಹೊಸ ಬ್ಯಾಟರಿ ಸೇರಿಸಿ ಪ್ರಯೋಜನವಿಲ್ಲ, ಹಳೆಯವು ಹೊಸದನ್ನೂ ತಮ್ಮ ಮಟ್ಟಕ್ಕೆ ಎಳೆಯುತ್ತವೆ.

ನಮ್ಮ ಬೇಸಿಗೆಯಲ್ಲಿ ಬ್ಯಾಟರಿಗಳನ್ನು ಬೇಗ ಮುಗಿಸುವುದು ನೀರಿನ ಅಲಕ್ಷ್ಯ. ಬಳ್ಳಾರಿ, ರಾಯಚೂರಿನ ಬಿಸಿಲಿನಲ್ಲಿ ನೀರು ಬೇಗ ಇಳಿಯುತ್ತದೆ. ಪ್ಲೇಟು ಗಾಳಿಗೆ ತೆರೆದುಕೊಂಡರೆ ಆ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ನಲ್ಲಿ ನೀರೂ ಬೇಡ, ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಅಂಗಡಿಯವನು ಕೊಡುವ ಆಸಿಡ್ಡೂ ಬೇಡ. ನೀರು ತುಂಬಬೇಕಾದ್ದು ಚಾರ್ಜಾದ ಮೇಲೆ. ಮೊದಲೇ ತುಂಬಿದರೆ ಚಾರ್ಜಾಗುವಾಗ ಉಬ್ಬಿ ಆಸಿಡ್ ಹೊರಚೆಲ್ಲುತ್ತದೆ. ಪ್ಲೇಟು ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲು ಹಾಕಬಹುದು.

ಟರ್ಮಿನಲ್ಲಿನ ಮೇಲೆ ಹಸಿರು-ಬಿಳಿ ಹುಡಿ ಕಂಡರೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಒಣಗಿಸಿ, ನಟ್ಟು ಬಿಗಿಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಸೋಡಾ ನೀರು ಸೆಲ್ಲಿನೊಳಗೆ ಇಳಿಯದಂತೆ ಮುಚ್ಚಳ ಹಾಕಿರಬೇಕು. ಗಾಡಿ ಓಡಿಸಿ ಬಂದ ತಕ್ಷಣ ವೈರಿನ ತುದಿಯ ಯಾವುದಾದರೂ ಲಗ್ ಮಾತ್ರ ಬಿಸಿಯಾಗಿದ್ದರೆ ಆ ಜೋಡಣೆ ಸಡಿಲ ಎಂದೇ ಅರ್ಥ.

ಹೊಸ ಗಾಡಿಗಳಲ್ಲಿ ಲಿಥಿಯಂ ಬ್ಯಾಟರಿ ಬಂದಿದೆ. ಅದಕ್ಕೆ ನೀರಿನ ತಾಪತ್ರಯವಿಲ್ಲ, ಆದರೆ ಸೀಸದ ಬ್ಯಾಟರಿಯ ಚಾರ್ಜರ್ ಅದಕ್ಕೆ ಸಲ್ಲದು. ಪೂರ್ತಿ ಇಳಿದರೆ ಒಳಗಿನ ರಕ್ಷಣಾ ಸರ್ಕ್ಯೂಟು ಬ್ಯಾಟರಿಯನ್ನೇ ಕಡಿದುಹಾಕುತ್ತದೆ. ಅದನ್ನು ಎಚ್ಚರಿಸುವ ಕ್ರಮ ತಯಾರಕರ ಪುಸ್ತಕದಲ್ಲಿರುತ್ತದೆ.

ಸೀಸದ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ 4ರಷ್ಟಾದರೂ ಒಂದು ಕಿಡಿ ಸಾಕು. ಕಿಟಕಿ ತೆರೆದಿರಲಿ, ಬೀಡಿ-ಸಿಗರೇಟು ದೂರವಿರಲಿ, ಕನ್ನಡಕ ಮತ್ತು ರಬ್ಬರ್ ಕೈಗವಸು ಇಲ್ಲದೆ ಸ್ಪ್ಯಾನರ್ ಹಿಡಿಯುವುದು ಬೇಡ. ಕೊನೆಗೂ ಬ್ಯಾಟರಿ ಬದಲಿಸಲೇಬೇಕಾದರೆ ಹಳೆಯದನ್ನು ಗುಜರಿ ಗಾಡಿಗೆ ಹಾಕಬೇಡಿ. ಅಲ್ಲಿ ಆಸಿಡ್ಡು ಚರಂಡಿಗೆ ಹೋಗುತ್ತದೆ, ಸೀಸ ಬಯಲಲ್ಲಿ ಕರಗುತ್ತದೆ. ಹೊಸದನ್ನು ಕೊಂಡ ಅಂಗಡಿಗೇ ವಾಪಸು ಕೊಟ್ಟು ಬೆಲೆಯಲ್ಲಿ ಕಡಿತ ಕೇಳಿ ಪಡೆಯಿರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆ ತಯಾರಕರ ಹೊಣೆ.